ಸೊರಗಿದ ಬಲಗೈ, ಜಜ್ಜಿದ ಕಾಲು: ಬಿ.ಎಸ್. ಚಂದ್ರಶೇಖರ್ ಆಟ ಮತ್ತು ಆಮೇಲಿನ ವರ್ಷಗಳು

ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಹುಟ್ಟಿದ್ದು ಮೈಸೂರಿನಲ್ಲಿ, 1945ರ ಮೇ 17ರಂದು. ಪೋಲಿಯೊ ತಗುಲಿದಾಗ ಅವರಿಗೆ ಐದಾರು ವರ್ಷ. ಆಗ ಜಗತ್ತಿನಲ್ಲೆಲ್ಲೂ ಅದಕ್ಕೆ ಲಸಿಕೆ ಇರಲಿಲ್ಲ. ಜೋನಾಸ್ ಸಾಕ್ ಅವರ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1955ರಲ್ಲಿ; ಬಾಯಿಗೆ ಹಾಕುವ ಹನಿ ಬಂದದ್ದು ಅದಕ್ಕೂ ಈಚೆಗೆ. ಮಗುವಿಗೆ ನಾಲ್ಕು ದಿನ ಜ್ವರ ಬರುತ್ತಿತ್ತು. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಕೈಯೋ ಕಾಲೋ ಮೇಲೇಳುತ್ತಿರಲಿಲ್ಲ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ವೈರಸ್ ತಿಂದುಹಾಕುತ್ತಿತ್ತು; ಅಪ್ಪಣೆ ಬರದ ಸ್ನಾಯು ದಿನೇ ದಿನೇ ಸೊರಗುತ್ತಿತ್ತು. ಬಯಲುಸೀಮೆಯ ಹೊಸದುರ್ಗ, ಮತ್ತೋಡು ಕಡೆಯ ಹಳೆಯ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಗುವ ತನಕ ಕಾಲೆಳೆದು ನಡೆಯುವ ಹುಡುಗನೋ ಹುಡುಗಿಯೋ ಇಲ್ಲದ ಶಾಲೆ ಹುಡುಕಿದರೂ ಸಿಗುತ್ತಿರಲಿಲ್ಲ. ಅಂಥ ಮಕ್ಕಳನ್ನು ಆಟಕ್ಕೆ ಕರೆಯುತ್ತಿರಲಿಲ್ಲ; ಬಯಲಿನ ಅಂಚಿನಲ್ಲಿ ಕೂರಿಸಿ ಎಲ್ಲರ ಚಪ್ಪಲಿ ಕಾಯಲು ಹೇಳುತ್ತಿದ್ದರು.

ಚಂದ್ರಶೇಖರ್‌ಗೆ ಪೆಟ್ಟು ಬಿದ್ದದ್ದು ಬಲಗೈಗೆ. ಹತ್ತು ವರ್ಷ ತುಂಬುವ ಹೊತ್ತಿಗೆ ಕೈ ಬಹುಮಟ್ಟಿಗೆ ಕೆಲಸಕ್ಕೆ ಬಂತು, ಆದರೆ ತೆಳ್ಳಗೆ ಉಳಿಯಿತು. ಮುಂದೆ ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಿಂದಲೇ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಬಲಗೈಯಲ್ಲೇ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿ ಗುಂಡಿ ಹಾಕಿಕೊಂಡು ಓಡಿ ಬರುತ್ತಿದ್ದ ಅವರ ಚಿತ್ರ ಆ ಕಾಲದ ಪತ್ರಿಕೆ ಓದಿದವರ ಕಣ್ಣಲ್ಲಿ ಇಂದಿಗೂ ಇದೆ.

ಮನೆಯವರು ಬೆಂಗಳೂರಿಗೆ ಬಂದ ಮೇಲೆ ಬೀದಿಯ ರಬ್ಬರ್ ಚೆಂಡಿನಾಟ ಕ್ಲಬ್ ಕ್ರಿಕೆಟ್ಟಿಗೆ ದಾರಿ ಮಾಡಿತು. ಸಿಟಿ ಕ್ರಿಕೆಟರ್ಸ್ ತಂಡ ಸೇರಿದರು. ಮೊದಮೊದಲು ವೇಗದ ಬೌಲಿಂಗನ್ನೂ ಪ್ರಯತ್ನಿಸಿ, ಕೊನೆಗೆ ಲೆಗ್ ಸ್ಪಿನ್ ಹಿಡಿದರು. 1963-64ರಲ್ಲಿ ಮೈಸೂರು ತಂಡಕ್ಕೆ ರಣಜಿ ಆಡಿದರು. ಅದೇ ಋತುವಿನಲ್ಲಿ, 1964ರ ಜನವರಿಯಲ್ಲಿ, ಮುಂಬೈಯ ಬ್ರೇಬೋರ್ನ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ವಯಸ್ಸು ಹದಿನೆಂಟು. ಮೊದಲ ಇನಿಂಗ್ಸಿನಲ್ಲೇ 67 ರನ್ನಿಗೆ 4 ವಿಕೆಟ್. ಅವರನ್ನು ಜಿಲ್ಲೆ, ವಲಯ ಎಂದು ವರ್ಷಗಟ್ಟಲೆ ಕಾಯಿಸಲಿಲ್ಲ ಎಂಬುದನ್ನು ನೆನಪಿಡಬೇಕು. ಆ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ಅವರು ಹಾಕುತ್ತಿದ್ದದ್ದು ಯಾವ ಬಗೆಯ ಬೌಲಿಂಗ್? ಹೆಸರಿಗೆ ಲೆಗ್ ಸ್ಪಿನ್. ಆದರೆ ಓಟ ಮಧ್ಯಮ ವೇಗದವರಷ್ಟು ಉದ್ದ, ಚೆಂಡಿನ ವೇಗವೂ ಹೆಚ್ಚುಕಮ್ಮಿ ಅವರಷ್ಟೇ. ಲೆಗ್ ಬ್ರೇಕ್‌ಗಿಂತ ಗೂಗ್ಲಿ, ಟಾಪ್ ಸ್ಪಿನ್ ಹೆಚ್ಚು. ಚೆಂಡು ನೆಲಕ್ಕೆ ಬಿದ್ದು ಪುಟಿಯುವಾಗ ಬ್ಯಾಟ್ಸ್‌ಮನ್ನಿನ ಬ್ಯಾಟು ಇನ್ನೂ ಅರ್ಧ ದಾರಿಯಲ್ಲಿರುತ್ತಿತ್ತು. ಯಾವ ದಿನ ಏನಾಗುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ ಎಂಬ ಮಾತೂ ಇತ್ತು. ಒಂದು ಓವರಿನಲ್ಲಿ ಎರಡು ಫುಲ್‌ಟಾಸ್, ಒಂದು ನಾಲ್ಕು, ಆಮೇಲೆ ಯಾರಿಗೂ ಆಡಲಾಗದ ಒಂದು ಚೆಂಡು.

ಇಲ್ಲಿಂದಲೇ ಒಂದು ವಾದ ಹುಟ್ಟಿತು. ಪೋಲಿಯೊದಿಂದ ಸೊರಗಿದ ಕೈ ಚಾವಟಿಯಂತೆ ಬಳುಕುತ್ತಿತ್ತು, ಚಂದ್ರರ ವಿಕೆಟ್‌ಗಳೆಲ್ಲ ಆ ರೋಗದ ವರ ಎಂದು ಬರೆದವರು ಹಲವರು. ತೋಳಿಗಿಂತ ಮಣಿಕಟ್ಟು ಮತ್ತು ಭುಜದ ತಿರುವೇ ಮುಖ್ಯ, ಉಳಿದದ್ದು ವರ್ಷಗಳ ಅಭ್ಯಾಸ ಎಂಬುದು ಇನ್ನೊಂದು ಪಕ್ಷ. ತೋಳಿನ ಬಳುಕಿಗೆ ಒಂದಿಷ್ಟು ಪಾಲು ಇದ್ದಿರಬಹುದು. ಆದರೂ ನಾನು ಎರಡನೆಯವರ ಕಡೆ. ಆ ದಶಕದಲ್ಲಿ ಲಕ್ಷಾಂತರ ಮಕ್ಕಳ ಕೈ ಸೊರಗಿತ್ತು, ಚಂದ್ರಶೇಖರ್ ಒಬ್ಬರೇ ಆದರು. ರೋಗವನ್ನು ವರವೆಂದು ಕರೆದರೆ ಆ ಹುಡುಗ ಬೆಂಗಳೂರಿನ ಬೀದಿಯಲ್ಲಿ ಸವೆಸಿದ ಸಂಜೆಗಳನ್ನು ಲೆಕ್ಕದಿಂದ ಕಿತ್ತುಹಾಕಿದಂತೆ. ಚಪ್ಪಲಿ ಕಾಯಲು ಕೂತ ಮಕ್ಕಳಿಗೂ ಇದು ಸಮಾಧಾನದ ಮಾತಲ್ಲ.

1966ರ ಡಿಸೆಂಬರಿನಲ್ಲಿ ಸೋಬರ್ಸ್ ನಾಯಕತ್ವದ ವೆಸ್ಟ್ ಇಂಡೀಸ್ ಮುಂಬೈಗೆ ಬಂತು. ಆ ಟೆಸ್ಟಿನಲ್ಲಿ ವೆಸ್ಟ್ ಇಂಡೀಸಿನ ಒಟ್ಟು 14 ವಿಕೆಟ್ ಬಿದ್ದವು. ಹನ್ನೊಂದು ಚಂದ್ರರ ಪಾಲು, 157ಕ್ಕೆ 7 ಮತ್ತು 78ಕ್ಕೆ 4. ಭಾರತ ಸೋತಿತು. ಮರುವರ್ಷ ಇಂಗ್ಲೆಂಡ್ ಪ್ರವಾಸ. ಅಲ್ಲಿನ ಎಜ್‌ಬಾಸ್ಟನ್ ಟೆಸ್ಟಿನಲ್ಲಿ ಬೇಡಿ, ಪ್ರಸನ್ನ, ಚಂದ್ರ, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದರು. ಸ್ಪಿನ್ ಚತುಷ್ಟಯ ಎಂದು ನಾವೆಲ್ಲ ಬಾಯಿತುಂಬ ಹೇಳುವ ಆ ನಾಲ್ವರು ಒಂದೇ ಟೆಸ್ಟಿನಲ್ಲಿ ಕಣಕ್ಕಿಳಿದದ್ದು ಅದೊಂದೇ ಸಲ.

ಅಷ್ಟರಲ್ಲಿ ದೇಹ ಮತ್ತೆ ಕೈಕೊಟ್ಟಿತು. 1967-68ರ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ಗಾಯಗೊಂಡು ಮನೆಗೆ ಮರಳಬೇಕಾಯಿತು. ಅದರ ಬೆನ್ನಿಗೆ ಸ್ಕೂಟರ್ ಅಪಘಾತ. ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ, ಸ್ಪಿನ್ನರ್ ಮಾಗುವ ಕಾಲ. ಮೂರೂವರೆ ವರ್ಷ ಟೆಸ್ಟ್ ಇಲ್ಲ. 1971ರ ಆರಂಭದಲ್ಲಿ ಅಜಿತ್ ವಾಡೇಕರ್ ನಾಯಕತ್ವದಲ್ಲಿ ವೆಸ್ಟ್ ಇಂಡೀಸ್ ನೆಲದಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದಾಗಲೂ ಚಂದ್ರ ತಂಡದಲ್ಲಿರಲಿಲ್ಲ. ಗೆದ್ದ ತಂಡವನ್ನು ಕದಲಿಸುವುದು ಯಾವ ಆಯ್ಕೆಗಾರನಿಗೂ ಇಷ್ಟದ ಕೆಲಸವಲ್ಲ. ಆದರೆ ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟ್ ಅವರ ಕಾಲದಲ್ಲೇ, ಅದೇ ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಚಂದ್ರರ ಹೆಸರು ಮತ್ತೆ ಪಟ್ಟಿಗೆ ಬಂತು. ಇದು ಜೂಜು ಎಂದು ಅವತ್ತೇ ಎಲ್ಲರಿಗೂ ಗೊತ್ತಿತ್ತು.

ಮೊದಲ ಎರಡು ಟೆಸ್ಟ್ ಡ್ರಾ. ಮೂರನೆಯದು ಲಂಡನ್ನಿನ ಓವಲ್‌ನಲ್ಲಿ, ಆಗಸ್ಟ್ 19ರಿಂದ. ಇಂಗ್ಲೆಂಡ್ ಅದಕ್ಕೆ ಮುಂಚೆ 26 ಟೆಸ್ಟ್‌ಗಳಲ್ಲಿ ಸೋತಿರಲಿಲ್ಲ. ಮೊದಲ ದಿನ ಇಂಗ್ಲೆಂಡ್ 355. ಎರಡನೆಯ ದಿನವಿಡೀ ಮಳೆ. ಭಾರತ 284ಕ್ಕೆ ಮುಗಿದಾಗ 71 ರನ್ ಹಿಂದೆ ಬಿದ್ದಿತ್ತು, ಅದು ಸೋಮವಾರ ಬೆಳಿಗ್ಗೆ. ಡ್ರಾ ಆದರೆ ಸಾಕು ಎಂಬ ಸ್ಥಿತಿ.

ಆಮೇಲಿನದು ಎರಡೂವರೆ ಗಂಟೆಯ ಕಥೆ. ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರರ ಕೈ ಸವರಿಕೊಂಡು ಎದುರಿನ ಸ್ಟಂಪಿಗೆ ಬಡಿಯಿತು. ಕ್ರೀಸಿನಿಂದಾಚೆ ಇದ್ದ ಜೇಮ್ಸನ್ ರನೌಟ್. ಎಡಗೈ ಆಟಗಾರ ಎಡ್ರಿಚ್ ಬಂದರು. ಫೀಲ್ಡಿನಲ್ಲಿದ್ದ ದಿಲೀಪ್ ಸರ್ದೇಸಾಯಿ ‘ಮಿಲ್ ರೀಫ್’ ಎಂದು ಕೂಗಿದರಂತೆ. ಅದು ಆ ವರ್ಷ ಡರ್ಬಿ ಗೆದ್ದ ಕುದುರೆಯ ಹೆಸರು. ವೇಗದ ಚೆಂಡು ಹಾಕು ಎಂಬುದಕ್ಕೆ ಆಟಗಾರರ ನಡುವಿನ ಸಂಕೇತ. ಚಂದ್ರ ಹಾಕಿದರು, ಎಡ್ರಿಚ್ ಬ್ಯಾಟು ಕೆಳಗಿಳಿಯುವ ಮುನ್ನ ಸ್ಟಂಪು ಹಾರಿತು. ಮುಂದಿನ ಚೆಂಡಿಗೇ ಫ್ಲೆಚರ್ ಶಾರ್ಟ್ ಲೆಗ್‌ನಲ್ಲಿ ಸೋಲ್ಕರ್‌ಗೆ ಕ್ಯಾಚ್. ಇಂಗ್ಲೆಂಡ್ 24ಕ್ಕೆ 3, ಊಟದ ವಿರಾಮ. ಊಟದ ನಂತರ ವೆಂಕಟರಾಘವನ್ ಬೌಲಿಂಗಿನಲ್ಲಿ ಆಲನ್ ನಾಟ್ ಕೊಟ್ಟ ಕ್ಯಾಚನ್ನು ಸೋಲ್ಕರ್ ಮುಂದಕ್ಕೆ ನೆಗೆದು, ಹೊಟ್ಟೆಯ ಮೇಲೆ ಜಾರುತ್ತ ಹಿಡಿದರು. ನಾಯಕ ಇಲಿಂಗ್‌ವರ್ತ್ ಚಂದ್ರರ ಕೈಗೇ ಕ್ಯಾಚ್, ಸ್ನೋ ಕೂಡ. ಕೊನೆಗೆ ಪ್ರೈಸ್ ಎಲ್‌ಬಿಡಬ್ಲ್ಯು. ಇಂಗ್ಲೆಂಡ್ 101. ಚಂದ್ರಶೇಖರ್ 18.1 ಓವರ್, 38 ರನ್, 6 ವಿಕೆಟ್.

173 ರನ್ ಬೇಕಿತ್ತು. ಮಂಗಳವಾರ ಬೆಳಿಗ್ಗೆ ಮೊದಲಿಗೇ ರನೌಟಾದ ವಾಡೇಕರ್ ಡ್ರೆಸ್ಸಿಂಗ್ ಕೋಣೆಗೆ ಹೋಗಿ ನಿದ್ದೆ ಹೋದರು. ಗೆದ್ದ ಸುದ್ದಿ ಹೇಳಲು ಅವರನ್ನು ಎಬ್ಬಿಸಬೇಕಾಯಿತು. ಗಣೇಶನ ಹಬ್ಬದ ಹೊತ್ತೆಂದು ಯಾರೋ ಚೆಸಿಂಗ್‌ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಮರಿಯನ್ನೂ ಮೈದಾನಕ್ಕೆ ಕರೆತಂದಿದ್ದರು. ಅಬಿದ್ ಅಲಿ ಗೆಲುವಿನ ಹೊಡೆತ ಹೊಡೆದಾಗ ಭಾರತ 6ಕ್ಕೆ 174. ಇಂಗ್ಲೆಂಡ್ ನೆಲದಲ್ಲಿ ಅದು ನಮ್ಮ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು.

ಆ ವರ್ಷದ ಗೆಲುವುಗಳು ಕ್ರಿಕೆಟ್ಟನ್ನು ಟ್ರಾನ್ಸಿಸ್ಟರ್ ತಲುಪಿದ ಕಡೆಗೆಲ್ಲ ಕೊಂಡೊಯ್ದವು. ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಕಾಣದ ಬಯಲುಸೀಮೆಯ ಊರುಗಳಲ್ಲೂ ಇಂಗ್ಲಿಷ್ ಅರ್ಥವಾಗದೆಯೇ ಕಾಮೆಂಟ್ರಿ ಕೇಳುವ ಹುಚ್ಚು ಹತ್ತಿತು. ಸ್ಕೋರು ಗೊತ್ತಾಗುತ್ತಿರಲಿಲ್ಲ, ‘ಚಂದ್ರ’ ಎಂಬ ಹೆಸರಿನ ಹಿಂದೆ ಏಳುವ ಗದ್ದಲ ಗೊತ್ತಾಗುತ್ತಿತ್ತು.

ಮುಂದಿನ ಏಳು ವರ್ಷ ಅವರ ಕಾಲ. 1972ರಲ್ಲಿ ಪದ್ಮಶ್ರೀ, ವಿಸ್ಡನ್ ವರ್ಷದ ಐವರಲ್ಲಿ ಒಬ್ಬರೆಂಬ ಮನ್ನಣೆ. 1972-73ರಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಐದು ಟೆಸ್ಟ್‌ಗಳಲ್ಲಿ 35 ವಿಕೆಟ್. ಒಂದೇ ಸರಣಿಯಲ್ಲಿ ಅಷ್ಟು ವಿಕೆಟ್ ಪಡೆದ ಭಾರತೀಯ ಬೌಲರ್ ಇನ್ನೊಬ್ಬರಿಲ್ಲ. ಕುಂಬ್ಳೆ, ಹರ್ಭಜನ್, ಅಶ್ವಿನ್, ಬೂಮ್ರಾ ಯಾರೂ ಅದನ್ನು ದಾಟಿಲ್ಲ. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಋತುವಿನಲ್ಲೇ ಪ್ರಸನ್ನ ನಾಯಕತ್ವದ ತಂಡ, ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದ ಮುಂಬೈಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕೆಡವಿ, ಮುಂದೆ ರಾಜಸ್ಥಾನವನ್ನು ಮಣಿಸಿ ಟ್ರೋಫಿ ತಂದಿತು. ಹೊಸ ಹೆಸರಿನ ನಾಡಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಆ ವರ್ಷ ಬೇರೆ ಸಿಕ್ಕಿರಲಾರದು.

ಬ್ಯಾಟಿಂಗ್ ಮಾತ್ರ ನಗೆಪಾಟಲು. 58 ಟೆಸ್ಟ್‌ಗಳಲ್ಲಿ 242 ವಿಕೆಟ್, 167 ರನ್: ಹೊಡೆದ ರನ್ನಿಗಿಂತ ಕೆಡವಿದ ವಿಕೆಟ್ ಹೆಚ್ಚು. 1977-78ರ ಆಸ್ಟ್ರೇಲಿಯಾ ಸರಣಿಯಲ್ಲಿ ನಾಲ್ಕು ಸೊನ್ನೆ ಸುತ್ತಿದ್ದಕ್ಕೆ ತೂತು ಕೊರೆದ ಬ್ಯಾಟೊಂದನ್ನು ಉಡುಗೊರೆ ಕೊಟ್ಟರು. ಅವರೂ ನಕ್ಕು ತೆಗೆದುಕೊಂಡರು. ಅದೇ ಸರಣಿಯ ಮೆಲ್ಬರ್ನ್ ಟೆಸ್ಟಿನಲ್ಲಿ 52ಕ್ಕೆ 6, ಮತ್ತೆ 52ಕ್ಕೆ 6. ಭಾರತ 222 ರನ್ನಿನಿಂದ ಗೆದ್ದು ಆಸ್ಟ್ರೇಲಿಯಾ ನೆಲದ ಮೊದಲ ಜಯ ಕಂಡಿತು. ಮುಖೇಶ್ ಹಾಡೆಂದರೆ ಚಂದ್ರರಿಗೆ ಪ್ರಾಣ. ಅವರು ಬೌಲಿಂಗಿಗೆ ಹೊರಟಾಗ ಗಾವಸ್ಕರ್ ಮುಖೇಶ್ ಧಾಟಿಯೊಂದನ್ನು ಗುನುಗಿ ಹುರಿದುಂಬಿಸುತ್ತಿದ್ದರು. ಅಂಕಿ-ಅಂಶದವರು ಇನ್ನೊಂದು ಲೆಕ್ಕ ಇಡುತ್ತಾರೆ: ಚಂದ್ರ ಆಡಿದ ಟೆಸ್ಟ್‌ಗಳಲ್ಲಿ ಭಾರತ ಗೆದ್ದವು 14, ಆ ಹದಿನಾಲ್ಕರಲ್ಲಿ ಅವರ ವಿಕೆಟ್ 98. ಶಿಸ್ತಿನ ಬೌಲರುಗಳು ಪಂದ್ಯ ಉಳಿಸುತ್ತಿದ್ದರು, ಅಂಕೆಯಿಲ್ಲದ ಈತ ಗೆಲ್ಲಿಸುತ್ತಿದ್ದರು.

ಇಳಿಗಾಲ ಬೇಗ ಬಂತು. 1978ರಲ್ಲಿ ಪಾಕಿಸ್ತಾನ ಪ್ರವಾಸದಲ್ಲಿ ಜಹೀರ್ ಅಬ್ಬಾಸ್ ಮತ್ತವರ ಸಂಗಡಿಗರು ನಮ್ಮ ಸ್ಪಿನ್ನರುಗಳನ್ನು ಬಡಿದು ಹಾಕಿದರು. ಅದೇ ಸರಣಿಯಲ್ಲಿ ಕಪಿಲ್ ದೇವ್ ಎಂಬ ಹುಡುಗ ಹೊಸ ಚೆಂಡು ಹಿಡಿದ. 1979ರ ಜುಲೈನಲ್ಲಿ ಎಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡ್ 5ಕ್ಕೆ 633 ಹೊಡೆದು ಡಿಕ್ಲೇರ್ ಮಾಡಿತು. ಐದೂ ವಿಕೆಟ್ ಕಪಿಲ್‌ಗೆ. ಚಂದ್ರ 113 ರನ್ ಕೊಟ್ಟು ಬರಿಗೈ. ಅದೇ ಕೊನೆಯ ಟೆಸ್ಟ್. ಆಗ ಅವರಿಗೆ ಮೂವತ್ತನಾಲ್ಕು.

ಕ್ರೀಡಾ ಇತಿಹಾಸಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆಟಗಾರನ ದೇಹ ನಿಲ್ಲುವುದಿಲ್ಲ. 1991ರಲ್ಲಿ ರಸ್ತೆಯಲ್ಲಿ ಲಾರಿಯೊಂದು ಅಪ್ಪಳಿಸಿ ಚಂದ್ರಶೇಖರ್ ಅವರ ಕಾಲು ಜಜ್ಜಿಹೋಯಿತು. ಮೂರು ತಿಂಗಳು ಆಸ್ಪತ್ರೆ. ಬದುಕಿ ಬಂದರು, ಆದರೆ ಮೊದಲಿನ ನಡಿಗೆ ಬರಲಿಲ್ಲ, ಊರುಗೋಲು ಜೊತೆಯಾಯಿತು. ನಲವತ್ತಾರನೆಯ ವಯಸ್ಸಿನಲ್ಲಿ, ಜೊತೆಗಾರರು ಕೋಚ್, ಮ್ಯಾನೇಜರ್, ರೆಫರಿ, ಕಾಮೆಂಟೇಟರ್ ಆಗಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ, ಅವರು ಮನೆ ಹಿಡಿದರು. ಟಿವಿಯ ದುಡ್ಡು ಕ್ರಿಕೆಟ್ಟಿಗೆ ಹರಿಯತೊಡಗಿದ್ದು ಸರಿಯಾಗಿ ಆ ದಶಕದಲ್ಲೇ.

ಪೋಲಿಯೊ ಗೆದ್ದ ಕೈಯ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ, ಪಾಠ ಮಾಡಿದ್ದೇವೆ. ಲಾರಿ ಮುರಿದ ಕಾಲಿನ ಬಗ್ಗೆ ಸಿಗುವುದು ಎರಡು ಸಾಲು. ಕೈಯ ಕಥೆಗೆ ಗೆಲುವಿನ ಕೊನೆಯಿದೆ, ಕಾಲಿನದಕ್ಕೆ ಇಲ್ಲ. ಅದು ದಿನವೂ ಮೆಟ್ಟಿಲು ಹತ್ತಬೇಕಾದ ಕಷ್ಟ, ಅಷ್ಟೆ. ಇಂಥದ್ದನ್ನು ಕೇಳುವ ತಾಳ್ಮೆ ಅಭಿಮಾನಿಗಳಿಗೆ ಕಡಿಮೆ.

2021ರ ಜನವರಿಯಲ್ಲಿ ಆಯಾಸ, ಮಾತಿನಲ್ಲಿ ತೊದಲು ಕಾಣಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಸೇರಿದರು. ಲಘು ಪಾರ್ಶ್ವವಾಯು. ತೀವ್ರ ನಿಗಾ ಘಟಕದಲ್ಲಿದ್ದು ಚೇತರಿಸಿಕೊಂಡರು. ಎಪ್ಪತ್ತೈದು ದಾಟಿದ್ದ ಅವರ ದೇಹ ಅಷ್ಟರಲ್ಲಿ ವೈರಸ್, ಸ್ಕೂಟರ್, ಲಾರಿ, ಮಿದುಳಿನ ಆಘಾತ ನಾಲ್ಕನ್ನೂ ಕಂಡಿತ್ತು. ಚತುಷ್ಟಯದ ಬಿಷನ್ ಸಿಂಗ್ ಬೇಡಿಯವರೂ ಅದೇ ವರ್ಷ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, 2023ರ ಅಕ್ಟೋಬರ್ 23ರಂದು ತೀರಿಕೊಂಡರು.

ಆಟ ಮುಗಿದವರ ದೇಹದ ಬಗ್ಗೆ ಅಮೆರಿಕದಲ್ಲಿ ಇದಕ್ಕೂ ಮುಂಚೆಯೇ ಬೇರೆಯೇ ಬಗೆಯ ಜಗಳ ನಡೆದಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ ನಾಲ್ಕು ಸೂಪರ್ ಬೌಲ್ ಗೆದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರ. ನಿವೃತ್ತಿಯ ನಂತರ ಮರೆವು, ಖಿನ್ನತೆ, ದಿವಾಳಿತನ. 2002ರಲ್ಲಿ ಐವತ್ತನೆಯ ವಯಸ್ಸಿಗೇ ಸತ್ತರು. ಶವಪರೀಕ್ಷೆ ಮಾಡಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಆ ಮಿದುಳಿನಲ್ಲಿ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಹಾನಿಯನ್ನು ಗುರುತಿಸಿದರು. 2005ರಲ್ಲಿ ಅವರ ಪ್ರಬಂಧ ಬಂದಾಗ ಫುಟ್‌ಬಾಲ್ ಲೀಗಿನ ವೈದ್ಯರು ಅದನ್ನು ಹಿಂತೆಗೆದುಕೊಳ್ಳಿ ಎಂದರು. ಸಾವಿರಾರು ಮಾಜಿ ಆಟಗಾರರು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಲೀಗು 76.5 ಕೋಟಿ ಡಾಲರಿನ ರಾಜಿಗೆ ಒಪ್ಪಿತು, ಆಮೇಲೆ ಆ ಮೊತ್ತದ ಮಿತಿಯನ್ನೂ ತೆಗೆಯಬೇಕಾಯಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ವೆಬ್‌ಸ್ಟರ್‌ರನ್ನು ಕೆಡವಿದ್ದು ಆಟವೇ. ಚಂದ್ರರನ್ನು ಕೆಡವಿದ್ದು ರಸ್ತೆ. ಕ್ರಿಕೆಟ್ ಮಂಡಳಿಯನ್ನು ಲಾರಿಗೆ ಹೊಣೆ ಮಾಡಲಾಗದು. ಆದರೆ ದುಡಿಸಿಕೊಂಡ ಆಟ, ಆಟ ಮುಗಿದವನ ಔಷಧಿ ಖರ್ಚಿಗೆ ಎಷ್ಟರಮಟ್ಟಿಗೆ ಬಾಧ್ಯಸ್ಥ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಅಮೆರಿಕದಲ್ಲಿ ಉತ್ತರ ನ್ಯಾಯಾಲಯದಿಂದ ಬಂತು. ಇಲ್ಲಿ ಮಂಡಳಿಯ ಪಿಂಚಣಿಯಾಗಿ, ನಿಧಾನವಾಗಿ ಬಂತು. 2022ರ ಜೂನ್‌ನಲ್ಲಿ ಅದನ್ನು ಏರಿಸಿದಾಗ ತಿಂಗಳಿಗೆ 37,500 ರೂಪಾಯಿ ಪಡೆಯುತ್ತಿದ್ದ ಮಾಜಿ ಟೆಸ್ಟ್ ಆಟಗಾರರಿಗೆ 60,000, 50,000 ಪಡೆಯುತ್ತಿದ್ದವರಿಗೆ 70,000 ಆಯಿತು. ಐಪಿಎಲ್ ಪ್ರಸಾರ ಹಕ್ಕಿನ ಹರಾಜು ನಡೆದದ್ದೂ ಅದೇ ತಿಂಗಳು. ಐದು ವರ್ಷಕ್ಕೆ 48,390 ಕೋಟಿ ರೂಪಾಯಿ. ಎರಡು ಸುದ್ದಿಯೂ ಒಂದೇ ವಾರದ ಪತ್ರಿಕೆಯಲ್ಲಿದ್ದವು.

ಟೆಸ್ಟ್ ಆಡದ ರಣಜಿ ಆಟಗಾರರಿಗೂ ಪಿಂಚಣಿ ಇದೆ, ಕನಿಷ್ಠ 25 ಪ್ರಥಮ ದರ್ಜೆ ಪಂದ್ಯ ಆಡಿರಬೇಕು. ಚಂದ್ರರ ಜೊತೆಗೇ ಮೈಸೂರು ತಂಡಕ್ಕೆ ಆಡಿದವರ ಪಾಡು ಇಲ್ಲಿ ನೆನಪಾಗಬೇಕು. ಅಂದಿನ ದಕ್ಷಿಣ ವಲಯದಲ್ಲಿ ಇದ್ದದ್ದು ಐದೇ ತಂಡ: ಮದರಾಸು, ಮೈಸೂರು, ಹೈದರಾಬಾದ್, ಆಂಧ್ರ, ಕೇರಳ. ಅಂದರೆ ವರ್ಷಕ್ಕೆ ನಾಲ್ಕು ಲೀಗ್ ಪಂದ್ಯ. ವಲಯ ಗೆದ್ದರೆ ಒಂದೆರಡು ಹೆಚ್ಚು. ಹದಿನೆಂಟಕ್ಕೇ ಟೆಸ್ಟ್ ಆಡಿದ ಚಂದ್ರಶೇಖರ್ ಒಟ್ಟು 246 ಪ್ರಥಮ ದರ್ಜೆ ಪಂದ್ಯಗಳಲ್ಲಿ 1,063 ವಿಕೆಟ್ ಪಡೆದರು. ಅದೇ ಡ್ರೆಸ್ಸಿಂಗ್ ಕೋಣೆಯಲ್ಲಿ ಐದು ವರ್ಷ ಒಂದು ಪಂದ್ಯವನ್ನೂ ಬಿಡದೆ ಆಡಿ, ಇಪ್ಪತ್ತನಾಲ್ಕಕ್ಕೆ ನಿಂತವರಿಗೆ ಪಿಂಚಣಿಯ ಪಟ್ಟಿಯಲ್ಲಿ ಜಾಗವಿಲ್ಲ.